ಒಂದೂ ಗುಳ್ಳೆ ದಾಟಲಿಲ್ಲ

೧
ಎಲ್ಲಿಂದ ಶುರುಮಾಡಲಿ? ಮೊದಲ ಡ್ರಾಫ್ಟ್ ಸಮುದ್ರದಿಂದ ಶುರುವಾಗಿತ್ತು: ಟಾಸ್ಮೇನಿಯಾದ ತಣ್ಣೀರಿನ ತಳ, ಬಂಡೆಯಿಂದ ಅಬಲೋನಿ ಎಂಬ ದುಬಾರಿ ಚಿಪ್ಪುಜೀವಿ ಕೀಳುತ್ತಿರುವ ಮುಳುಗುಗಾರ ಕ್ಲೈವ್. ಚೆನ್ನಾಗಿತ್ತು, ಹರಿದೆ. (ಚೆನ್ನಾಗಿದೆ ಅನ್ನಿಸಿದ್ದನ್ನು ನಂಬದ ವಯಸ್ಸು ನನ್ನದು.) ಭಯವಿರುವುದು ಅಲ್ಲಲ್ಲ, ಹೋಬಾರ್ಟಿನ ಆಸ್ಪತ್ರೆಯ ಈ ಮಬ್ಬು ಕೋಣೆಯಲ್ಲಿ.

೨
ಹೋದ ತಿಂಗಳು ನೀರಿನಿಂದ ಮೇಲೆ ಬಂದ ಕ್ಲೈವ್‌ನ ಎಡಗಾಲು ಎರಡು ಗಂಟೆ ಸತ್ತಂತಿತ್ತು. ಹೃದಯದಲ್ಲಿ ಸಣ್ಣ ತೂತಿರಬಹುದು, ಮೇಲೇರುವಾಗ ರಕ್ತದಲ್ಲೇಳುವ ಗುಳ್ಳೆ ಅದನ್ನು ದಾಟಿ ಮಿದುಳಿಗೆ ಹೋಗಿರಬಹುದು ಎಂದರು ಡಾಕ್ಟರು. ಇದ್ದರೆ ಇನ್ನು ನೀರಿಗಿಳಿಯುವಂತಿಲ್ಲ.

ಈಗ ಅವನ ಎದೆಗೆ ಜೆಲ್ ಬಳಿದು ಸ್ಕ್ಯಾನ್ ಮಾಡುತ್ತಿರುವವಳು ಲಿನೆಟ್. ಉಪ್ಪುನೀರಿಗೆ ಚೂರು ಗಾಳಿ ಸೇರಿಸಿ, ಕುಲುಕಿ, ತೋಳಿಗೆ ಪಟ್ಟಿ ಹಾಕಿ ಕೂರಿಸಿದ ಸೂಜಿಯಿಂದ ನರಕ್ಕೆ ಬಿಡುತ್ತಾಳೆ. ಪರದೆಯಲ್ಲಿ ಹೃದಯದ ಬಲಭಾಗ ಸೋಡಾದಂತೆ ನೊರೆಯೇಳುತ್ತದೆ. ಗುಳ್ಳೆಗಳು ಆ ಕೂಡಲೇ ಎಡಕ್ಕೆ ದಾಟಿದರೆ ತೂತಿದೆ ಎಂದರ್ಥ. ಆದರೆ ತೂತಿಗೊಂದು ಕದವಿರುತ್ತದೆ, ಅದು ತೆರೆಯುವುದು ಉಸಿರು ಬಿಗಿಹಿಡಿದು ತಿಣುಕಿ ಬಿಟ್ಟಾಗ.

"ಕ್ಲೈವ್, ಉಸಿರು ಬಿಗಿಹಿಡಿದು ಹೊಟ್ಟೆಯಿಂದ ತಿಣುಕಿ. ನಾನು ಅಂದಾಗ ಬಿಟ್ಟುಬಿಡಿ."

"ಹೆರಿಗೆಗೆ ಬಂದಿದೀನಾ ನಾನು?"

"ಅದಾಗಿದ್ರೆ ನಿಮಗೆ ಇಷ್ಟು ಮಾತು ಬರ್ತಿರಲಿಲ್ಲ."

೩
ಕಾಲ ಬಳಿ ಕೂತಿದ್ದ ಹೆಂಡತಿ ಬ್ರಾನ್ವಿನ್ ನೋಡಿಬಿಟ್ಟಳು. ಕ್ಲೈವ್ ತಿಣುಕಲಿಲ್ಲ. ಮೂಗು ಹಿಡಿದು ಮೆಲ್ಲಗೆ ಊದಿದ, ನೀರಿನೊಳಗೆ ಕಿವಿಯ ಒತ್ತಡ ಬಿಡಿಸಿಕೊಳ್ಳಲು ಇಪ್ಪತ್ತಾರು ವರ್ಷ ಊದಿದ ಹಾಗೆ. ಹೊಟ್ಟೆ ಅಲುಗಲಿಲ್ಲ; ಹಾಗೆ ಊದಿದರೆ ಆ ಕದ ತೆರೆಯದು. ಲಿನೆಟ್‌ಳ ಕಣ್ಣು ಪರದೆಯ ಮೇಲಿತ್ತು.

"ಒಂದೂ ಗುಳ್ಳೆ ದಾಟಲಿಲ್ಲ!" ಎಂದಳು.

(ಮರೆತು ಊದಿದನೋ, ಬೇಕೆಂದೇ ಊದಿದನೋ? ಕ್ಲೈವ್‌ನನ್ನೇ ಕೇಳಿದೆ. ಚಾವಣಿ ನೋಡಿದ.)

೪
ಅಂತ್ಯ ಒಂದು: ಕಂಡದ್ದನ್ನು ಬ್ರಾನ್ವಿನ್ ಲಿನೆಟ್‌ಗೆ ಹೇಳುತ್ತಾಳೆ. ಮತ್ತೆ ಪರೀಕ್ಷೆ ಮಾಡಿದಾಗ ತೂತು ಸಿಗುತ್ತದೆ. ಕ್ಲೈವ್ ದೋಣಿ ಮಾರಿ ಅಡುಗೆಮನೆಯಲ್ಲಿ ಕೂರುತ್ತಾನೆ, ಅವಳ ಜೊತೆ ಮಾತು ಬಿಡುತ್ತಾನೆ.

ಅಂತ್ಯ ಎರಡು: ಹೇಳುವುದಿಲ್ಲ. ಸೋಮವಾರ ಸಮುದ್ರ ಶಾಂತವಾಗಿದೆ. ಕ್ಲೈವ್

"ಯಾಕೆ ನಿಲ್ಲಿಸಿದೆ? ಪೂರ್ತಿ ಬರಿ," ಅಂದಳು ಬ್ರಾನ್ವಿನ್.

"ಆಗ್ತಿಲ್ಲ ಕಣೇ," ಅಂದೆ.

"ನಿನ್ನ ಕೈಲಿ ಬರೆಯೋಕೂ ಆಗದ್ದನ್ನ ನಾನು ಬದುಕಬೇಕಾ?"

೫
ಪರೀಕ್ಷೆ ಮುಗಿಯಿತೆಂದು ಲಿನೆಟ್ ಸೂಜಿಯ ಮೇಲಿನ ಪಟ್ಟಿ ಕೀಳತೊಡಗಿದಳು. 'ಬ್ರಾನ್ವಿನ್ ಸುಮ್ಮನಿದ್ದಳು' ಎಂದು ಟೈಪ್ ಮಾಡಿದೆ. ಅವಳು ಎದ್ದು ಬಂದು, ಕೀಳಗೊಡದೆ, ಆ ಪಟ್ಟಿಯ ಮೇಲೆ ಅಂಗೈ ಒತ್ತಿಬಿಟ್ಟಳು.

"ಏನಾಯ್ತು?" ಅಂದಳು ಲಿನೆಟ್.

"ಬ್ರಾನ್," ಅಂದ ಕ್ಲೈವ್. ಗದರಿಕೆಯಲ್ಲ. ಬೇಡಿಕೆಯೂ ಅಲ್ಲ. (ಇನ್ನೊಂದು ಪದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.)

ಸೂಜಿ ಇನ್ನೂ ತೋಳಲ್ಲೇ ಇದೆ. ಅವಳ ಅಂಗೈ ಅದರ ಮೇಲಿದೆ. ನಾನೂ ಉಸಿರು ಬಿಗಿಹಿಡಿದಿದ್ದೇನೆ, ಹೊಟ್ಟೆಯಿಂದಲೇ. ಬಿಡು ಅನ್ನುವವರು ಯಾರೂ ಇಲ್ಲ.