ಹನ್ನೊಂದು ಗಂಟೆಗೆ ನಿಲ್ಲುವ ಚಿಪ್

ಸಿಂಗಸಂದ್ರದ ಶಶಿಕುಮಾರನಿಗೆ ಅನುಮಾನಪಡಲು ಕಾರಣವೇ ಬೇಕಿರಲಿಲ್ಲ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಎನ್ನುವ ಪೈಕಿ. ಅಂಥವನು ಹತ್ತು ವರ್ಷದಿಂದ ನಂಬಿದ್ದು ಒಬ್ಬನನ್ನೇ, ಪಾಲಿಟೆಕ್ನಿಕ್‌ನಲ್ಲಿ ಜೊತೆಗೆ ಓದಿದ ಬಾಗಲಗುಂಟೆಯ ಮುರಳಿಯನ್ನು. 2008ರಲ್ಲಿ ಆ ನಂಬಿಕೆಗೂ ಗೆದ್ದಲು ಹಿಡಿಯಿತು.

ಇಬ್ಬರೂ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಒಂದೇ ಬಗೆಯ ಎರಡು ಕಂಪ್ಯೂಟರ್ ಪ್ರೊಸೆಸರ್ ಚಿಪ್ ತಂದಿದ್ದರು. ಶಶಿ ಮದುವೆ ವಿಡಿಯೊ ಎಡಿಟ್ ಮಾಡುವವನು, ಅವನಿಗೆ ವೇಗ ಬೇಕು. ಮುರಳಿಗೆ ಓವರ್‌ಕ್ಲಾಕಿಂಗ್ ಹುಚ್ಚು, ಅಂದರೆ ಚಿಪ್ಪನ್ನು ಕಂಪನಿ ಗೊತ್ತುಮಾಡಿದ್ದಕ್ಕಿಂತ ಜೋರಾಗಿ ಓಡಿಸುವುದು. ಹೆಸರು ಒಂದೇ ಆದರೂ ಎರಡು ಚಿಪ್ ಒಂದೇ ಸಮ ಓಡುವುದಿಲ್ಲ; ಒಡಹುಟ್ಟಿದವರ ಹಾಗೆ, ಒಂದು ಗಟ್ಟಿ, ಒಂದು ಜೊಳ್ಳು. ಎರಡನ್ನೂ ತನ್ನ ಮನೆಯಲ್ಲಿ ಪರೀಕ್ಷಿಸಿದ ಮುರಳಿ ಒಂದನ್ನು ಎತ್ತಿಕೊಟ್ಟಿದ್ದ.

"ಇದು ಸಕ್ಕತ್ತಾಗೈತೆ ಮಗಾ. ಮೂರು ಪಾಯಿಂಟ್ ಎರಡು ಗಿಗಾಹರ್ಟ್ಸ್ ಸ್ಪೀಡಲ್ಲಿ ಹನ್ನೆರಡು ಗಂಟೆ ಓಡ್ತು. ನೀನ್ ಇಟ್ಕೋ."

ಶಶಿ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ಅದೇ ವೇಗಕ್ಕೇರಿಸಿ, ಚಿಪ್ಪಿಗೆ ಬಿಡುವು ಕೊಡದೆ ಲೆಕ್ಕ ಮಾಡಿಸುವ ಪರೀಕ್ಷೆ ಹಚ್ಚಿದ. ಹನ್ನೊಂದಕ್ಕೆ ಪರದೆ ನೀಲಿಯಾಗಿ ಕಂಪ್ಯೂಟರ್ ನಿಂತಿತು. ಮರುದಿನವೂ ಅಷ್ಟೇ. ಫ್ಯಾನ್ ಬಿಚ್ಚಿ, ಚಿಪ್ಪಿನ ಶಾಖ ಇಳಿಸುವ ಪೇಸ್ಟ್ ಹೊಸದಾಗಿ ಸವರಿದರೂ ಮೂರನೆಯ ದಿನ ಅದೇ ಕತೆ. ಒಳ್ಳೆಯದನ್ನು ತಾನಿಟ್ಟುಕೊಂಡು ಜೊಳ್ಳನ್ನು ನನಗೆ ಸಾಗಹಾಕಿದ್ದಾನೆ ಎಂದುಕೊಂಡ ಶಶಿ. ಮುರಳಿ ನಗುನಗುತ್ತಾ ಕೊಟ್ಟಿದ್ದು ಕೂಡ ಈಗ ಬೇರೆಯೇ ಕಾಣತೊಡಗಿತು.

ಫೋನ್ ಮಾಡಿ ಕೇಳಿಯೇಬಿಟ್ಟ. "ಲೋ, ನಿಜ ಹೇಳು. ಒಳ್ಳೇ ಚಿಪ್ಪು ನಿನ್ ಮೆಷಿನ್ನಲ್ಲೇ ಐತೆ ಅಲ್ವಾ?"

ಮುರಳಿ ಮಾತಾಡಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ಶಶಿ ತೀರ್ಪು ಕೊಟ್ಟುಕೊಂಡ.

ಭಾನುವಾರ ಮುರಳಿ ಬೈಕಿನಲ್ಲಿ ಬಂದು, ಶಶಿಯ ಚಿಪ್ ಬಿಚ್ಚಿಕೊಂಡು, ಆ ಜಾಗದಲ್ಲಿ ಜೇಬಿನಿಂದ ತನ್ನದನ್ನು ತೆಗೆದು ಕೂರಿಸಿದ. ಶಶಿಯ ತಾಯಿ ಪಿಳ್ಳಮ್ಮ ತಂದ ಕಾಫಿ ಮುಟ್ಟಲಿಲ್ಲ. "ನೀನು ನನ್ನನ್ನೇ ಹಿಂಗೆ ಕೇಳ್ತೀಯ ಅಂತ ಅಂದ್ಕೊಂಡಿರ್ಲಿಲ್ಲ ಕಣೋ," ಎಂದಷ್ಟೇ ಹೇಳಿ ಹೊರಟ. ಒಳ್ಳೆಯ ನಾಟಕ ಎಂದುಕೊಂಡ ಶಶಿ.

ಸೋಮವಾರ ಬೆಳಿಗ್ಗೆ ಅದೇ ಪರೀಕ್ಷೆ ಹಚ್ಚಿದರೆ ಮುರಳಿಯ ಚಿಪ್ ಹತ್ತೇ ನಿಮಿಷಕ್ಕೆ ನಿಂತಿತು. ಮತ್ತೆ ಹಚ್ಚಿದರೆ ಎಂಟು ನಿಮಿಷ. ಹಾಗಾದರೆ ಐದು ಗಂಟೆ ಓಡಿದ್ದೇ ಗಟ್ಟಿ ಚಿಪ್! ಮತ್ತೆ ದಿನಾ ಹನ್ನೊಂದಕ್ಕೇ ನಿಂತಿದ್ದು ಯಾಕೆ? ಶಶಿ ತಲೆ ಕೆರೆದುಕೊಳ್ಳುತ್ತಾ ಕೂತೇ ಇದ್ದ. ಹನ್ನೊಂದಾಯಿತು. ತಲೆಯ ಮೇಲಿನ ಟ್ಯೂಬ್‌ಲೈಟ್ ಮಂಕಾಗಿ ಪಕಪಕ ಅಂದಿತು. ಕೆಳಗಿನಿಂದ ಪಿಳ್ಳಮ್ಮ ಬಾಡಿಗೆಯವರಿಗೆಲ್ಲ ಕೇಳುವಂತೆ ಕೂಗಿದಳು: "ಮೋಟ್ರು ಆಕಿವ್ನಿ, ಟ್ಯಾಂಕ್ ತುಂಬುದ್ರೆ ಏಳ್ರಮ್ಮೋ!"

ಹನ್ನೆರಡು ಬಾಡಿಗೆ ಮನೆಗಳಿಗೆ ನೀರೇರಿಸುವ ಬೋರ್‌ವೆಲ್ ಮೋಟರು. ಅದು ಹೊರಟಾಗ ಮನೆಯ ಕರೆಂಟೆಲ್ಲ ಒಂದು ಕ್ಷಣ ಕುಗ್ಗುತ್ತಿತ್ತು. ಹಿಗ್ಗಾಮುಗ್ಗಾ ಓಡುತ್ತಿದ್ದ ಚಿಪ್ ಅಷ್ಟಕ್ಕೇ ಮುಗ್ಗರಿಸುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ್ದು ಅವನ ಕಣ್ಣಿಗೇ ಬಿದ್ದಿರಲಿಲ್ಲ.

ಸಂಜೆ ಮುರಳಿಯ ಚಿಪ್ ಹಿಡಿದು ಬಾಗಲಗುಂಟೆಗೆ ಓಡಿದ. ಬಾಗಿಲು ತೆಗೆದವರು ಮುರಳಿಯ ತಾಯಿ ಪದ್ಮಾವತಮ್ಮ. ತಂದ ಚಿಪ್ ಇಸಕೊಂಡು, ಶಶಿಯದನ್ನು ಪುಟ್ಟ ಡಬ್ಬಿಯಲ್ಲಿಟ್ಟು ಅವನ ಕೈಗೆ ಕೊಟ್ಟರು.

"ನೀನು ಬರ್ತೀಯ ಅಂತ ಬೆಳಿಗ್ಗೇನೇ ತೆಗೆದಿಟ್ಟಿದ್ದ ಕಣಪ್ಪ."

"ಅವ್ನು ಎಲ್ಲಮ್ಮಾ?"

"ಒಳಗೇ ಇದಾನೆ. ಕರೀಬೇಡ ಅಂದಿದಾನೆ."

ಹತ್ತು ವರ್ಷದಲ್ಲಿ ಒಂದು ಸಲವೂ ಅವನನ್ನು ಉಣ್ಣಿಸದೆ ಕಳಿಸಿರದ ಆಕೆ, ಮೆಲ್ಲಗೆ ಬಾಗಿಲು ಹಾಕಿಕೊಂಡರು.