ಹಾಡಿನ ಅಳತೆಯ ಸಾಸಿವೆ

ಆ ಮನೆಯಲ್ಲಿ ಸಾಸಿವೆ ಬಿತ್ತಲು ಅಳತೆಗೋಲು ಇರಲಿಲ್ಲ, ದೇವರ ಪದವಿತ್ತು. ಹಾಡುತ್ತ ನಡೆಯಬೇಕು, ತಾಳ ಬಿದ್ದಲ್ಲೆಲ್ಲ ಬಗ್ಗಿ ಚಿಟಿಕೆ ಬೀಜ ಬಿಡಬೇಕು. ಅತ್ತೆಗೆ ಅವರ ಅತ್ತೆ ಕಲಿಸಿದ್ದು.

ಈ ಸಲದ ಬಿತ್ತನೆ ಸೊಸೆಗೆ ಹುಡುಗಾಟವಾಗಿರಲಿಲ್ಲ. ಮದುವೆಯಾಗಿ ಬಂದ ವರ್ಷ ಅವಳೇ ಹೊಲದ ಒಂದು ಭಾಗದಲ್ಲಿ ನೆಟ್ಟ ಬೇವಿನ ಸಾಲುಗಳು ಈಗ ಮನೆಯ ಮಾಡನ್ನು ಮೀರಿದ್ದವು. ಬಡಗಿ ಮೈದುನ ಗರಗಸದ ಹಲ್ಲು ಮಸೆಯುತ್ತ ಕೂತಿದ್ದ.

"ಅತ್ತಿಗೆ, ನಿಮ್ಮ ಮರ ಸಾಸಿವೆ ಬಾಯಿಗೆ ಮಣ್ಣು ಹಾಕ್ತಿದೆ. ಈ ಸಲವೂ ನೆರಳಿನ ಬೆಳೆ ಬಯಲಿನ ಬೆಳೆಗೆ ಸಮ ಬರ್ಲಿಲ್ಲ ಅಂದ್ರೆ ಎಲ್ಲಾ ನನ್ನ ಅಂಗಡಿಗೆ."

"ಬಂದ್ರೆ?"

"ಬಂದ್ರೆ ಗರಗಸ ಗೋಡೆಗೆ."

ಬಯಲಿಗೆ ಎಂದಿನ, ಹೆಚ್ಚು ಕವಲೊಡೆಯದ ಮೋಟು ತಳಿಯೇ ಸರಿ. ನೆರಳಿಗೆ ಮಾತ್ರ ಸೊಸೆ ಎರಡು ತಳಿ ತೆಗೆದಿಟ್ಟಳು: ಆ ಮೋಟು ಒಂದು, ಮೈತುಂಬ ಕವಲೊಡೆಯುವುದು ಇನ್ನೊಂದು. ಮರಗಳ ನಡುವೆ ಆ ತುದಿಯಿಂದ ಅತ್ತೆ, ಈ ತುದಿಯಿಂದ ಅವಳು ತಮ್ಮ ತಮ್ಮ ಸಾಲುಗಳಲ್ಲಿ ಎರಡನ್ನೂ ಬಿತ್ತಿದರು.

ಮೊಳಕೆ ಬಂದಾಗ ನೋಡಿದರೆ ಅವಳ ಸಾಲು ಕಿಕ್ಕಿರಿದಿದೆ, ಅತ್ತೆಯದು ಅಲ್ಲೊಂದು ಇಲ್ಲೊಂದು.

"ಅಮ್ಮಂದು ಬೊಕ್ಕತಲೆ, ಅತ್ತಿಗೇದು ಬಸ್ಸಿನ ನೂಕುನುಗ್ಗಲು!" ಎಂದು ನಕ್ಕ ಮೈದುನ.

"ಹಾಡು ಒಂದೇ ಅಲ್ವಾ ಅತ್ತೆ?"

"ಹಾಡು ಒಂದೇ ಕಣೇ. ನೀನು ದೇವರನ್ನ ಓಡೋಡಿಸಿಕೊಂಡು ಹೋದೆ. ನಾನು ಕೂತ್ಕೋ ಅಂತ ಹೇಳ್ಕೊಂಡು ಹೋದೆ."

ಮರ ಉಳಿಯಬೇಕೆಂಬ ಆತಂಕ ತನ್ನ ನಾಲಿಗೆಯನ್ನು ಓಡಿಸಿ ತಾಳಗಳನ್ನು ಹತ್ತಿರ ಹತ್ತಿರ ಬೀಳಿಸಿತ್ತೆಂದು ಸೊಸೆಗೆ ಆಗ ಹೊಳೆಯಿತು. ಅತ್ತೆಯ ಸಾಲಿನ ತೆರಪುಗಳಿಗೆ ಮತ್ತೆ ಬೀಜ ಹಾಕಲು ಬಗ್ಗಿದವಳು ಹಾಗೇ ನಿಂತಳು. ಬಿಟ್ಟು ನೋಡಿದರೇನಾದೀತು?

ಬೆಳಿಗ್ಗೆ ಎದ್ದರೆ ಅವಳ ಕಾಲು ತಾನಾಗಿ ಬೇವಿನ ಕೆಳಗೆ ಹೋಗುತ್ತಿತ್ತು. ಒತ್ತಾಗಿ ಬಿದ್ದ ಕವಲಿನ ತಳಿ ಬೆಳಕಿಗೆ ಕತ್ತು ಚಾಚಿ ಚಾಚಿ ಕಡ್ಡಿಯಾಯಿತು, ಕವಲೊಡೆಯಲು ಜಾಗವೆಲ್ಲಿ? ಅದೇ ತಳಿ ಅತ್ತೆಯ ಸಾಲಿನಲ್ಲಿ ತೋಳು ಚೆಲ್ಲಿ ಬುಡದಿಂದಲೇ ಕಾಯಿ ಕಟ್ಟಿತು. ಹಾಗಾದರೆ ತೆರಪೇ ಗೆದ್ದಿತೇ? ಅದೂ ಅಲ್ಲ. ಮೋಟು ತಳಿ ಎಷ್ಟು ಜಾಗ ಕೊಟ್ಟರೂ ಕೈಕಟ್ಟಿ ನಿಂತಿತ್ತು, ಸುತ್ತಲ ಜಾಗವನ್ನು ಕಳೆ ನುಂಗಿತು. ಅದಕ್ಕೆ ಒತ್ತೇ ಮೇಲು.

ಒಕ್ಕಣೆಯ ದಿನ ಸಮ ಉದ್ದದ ಸಾಲುಗಳ ಕಾಳನ್ನು ಬೇರೆ ಬೇರೆ ತೂಗಿದರು. ನೆರಳಿನ ನಾಲ್ಕು ರಾಶಿಗಳಲ್ಲಿ ಮೂರು ಬಯಲಿಗಿಂತ ಕಡಿಮೆಯೇ ಬಂದವು. ಕೊನೆಯದು, ಅತ್ತೆ ಬಿತ್ತಿದ ಕವಲಿನ ತಳಿ. ತಕ್ಕಡಿ ಅಲುಗಾಡಿ ಅಲುಗಾಡಿ ಬಯಲಿನ ರಾಶಿಗೆ ಸಮನಾಗಿ ನಿಂತಿತು.

"ಇನ್ನೊಂದ್ಸಲ ತೂಗಿ," ಎಂದ ಮೈದುನ. ತಾನೇ ತೂಗಿದ. ಆಮೇಲೆ ಗರಗಸವನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ.

ಸೊಸೆ ಮಾತ್ರ ಇನ್ನೂ ಕಾಳಿನಲ್ಲಿ ಬೆರಳಾಡಿಸುತ್ತಿದ್ದಳು. "ಅತ್ತೆ, ಮುಂದಿನ ಸಲ ಇನ್ನೂ ನಿಧಾನವಾಗಿ ಹಾಡಿದ್ರೆ?"

"ಹಾಡೇ ತಾಯಿ. ಬಿತ್ತಿ ಮುಗಿಯೋಷ್ಟರಲ್ಲಿ ಕೊಯ್ಲು ಬಂದಿರುತ್ತೆ!"