ಮೂರನೇ ಮಹಡಿಯ ಸಿಮೆಂಟು

ಹೋದ ವರ್ಷ ಮಗಳಿಗೆ ಮಾತು ಕೊಟ್ಟಿದ್ದೆ: “ಮುಂದಿನ ಪರೀಕ್ಷೆ ನಮ್ಮನೇಲೇ ಕೂತು ಬರೀತೀಯ. ಇನ್ನೊಬ್ಬರ ಬಾಗಿಲು ತಟ್ಟೋ ಹಾಗೆ ಮಾಡಲ್ಲ.” ಆ ಸಲ ಆನ್‌ಲೈನ್ ಪರೀಕ್ಷೆಯ ಮಧ್ಯೆ ಮೊಬೈಲ್ ನೆಟ್ ಕೈಕೊಟ್ಟು ಅವಳ ಒಂದು ವರ್ಷ ನೀರುಪಾಲಾಗಿತ್ತು.

ನಾಳೆ ಒಂಬತ್ತಕ್ಕೆ ಪರೀಕ್ಷೆ ಅನ್ನುವಾಗ ನಮ್ಮ ಕಟ್ಟಡಕ್ಕೆ ಇಂಟರ್ನೆಟ್ ತಂತಿ ಎಳೆಯಲು ಫೈಬರಿನವನು ಬಂದ. ಮೆಟ್ಟಿಲ ಪಕ್ಕದ ಗೋಡೆಯೊಳಗಿನ ಪೈಪಿನಲ್ಲಿ ಕೆಳಗಿನಿಂದ ತಂತಿ ತೂರಿಸಿದ. ಎರಡನೇ ಮಹಡಿ ದಾಟಿತು. ಮೂರರಲ್ಲಿ ನಿಂತಿತು. ಅಲ್ಲಿರುವುದು ಎರಡೇ ಮನೆ: ನಮ್ಮದು, ಎದುರಿಗೆ ಹೊಸದಾಗಿ ಬಾಡಿಗೆಗೆ ಬಂದ ನರ್ಸಿನದು.

“ಯಾರೋ ಸಿಮೆಂಟ್ ತುಂಬಿದ್ದಾರೆ,” ಎಂದು ತಂತಿಯ ತುದಿಗೆ ಅಂಟಿದ ಬೂದು ಪುಡಿ ತೋರಿಸಿದ. “ಆರಕ್ಕೆ ನಾನು ಹೊರಡ್ತೀನಿ. ಆಮೇಲೆ ಮುಂದಿನ ವಾರಾನೇ.”

ಗಂಟೆ ನಾಲ್ಕೂವರೆ.

ಕಟ್ಟಡ ಸಂಘದ ಕಾರ್ಯದರ್ಶಿ ನರ್ಸಿನ ಕಡೆ ತಿರುಗಿದರು. “ಏನಮ್ಮಾ, ಬಂದು ಮೂರು ತಿಂಗಳಾಗಿಲ್ಲ, ಆಗಲೇ ಕಟ್ಟಡಕ್ಕೂ ಆಪರೇಷನ್ನಾ?”

“ಸರ್, ನಾನು ಗೋಡೆಗೆ ಒಂದು ಮೊಳೆ ಸಹ ಹೊಡೆದಿಲ್ಲ.” ರಾತ್ರಿ ಪಾಳಿ ಮುಗಿಸಿ ಮಲಗಿದ್ದು, ಈಗ ಎದ್ದು ಬಂದ ಅವಳ ಕಣ್ಣು ಕೆಂಪಗಿತ್ತು.

“ಮೊಳೆ ಕೇಳಲಿಲ್ಲ, ಸಿಮೆಂಟ್ ಕೇಳಿದ್ದು. ಇರಿ, ನಿಮ್ಮ ಓನರಿಗೇ ಫೋನ್ ಮಾಡ್ತೀನಿ.”

ಜಿರಲೆ ಬರುತ್ತವೆಂದು ಹೋದ ವರ್ಷ ಆ ಪೈಪಿನ ಬಾಯಿಗೆ ಎರಡು ಕರಣೆ ಸಿಮೆಂಟ್ ಮೆತ್ತಿ, ಮೇಲೆ ಬಣ್ಣ ಬಳಿದವಳು ನಾನು. ಬಾಯಿಗಷ್ಟೇ ಅಂದುಕೊಂಡಿದ್ದೆ. ಅದು ಒಳಗಿಳಿದು ಕಲ್ಲಾಗಿತ್ತು.

ಒಪ್ಪಿಕೊಂಡರೆ ರಂಪಾಟದಲ್ಲೇ ಆರು ಹೊಡೆದೀತು ಎಂದು ಸುಮ್ಮನಿದ್ದೆ. ಕಾರ್ಯದರ್ಶಿ ಹೇಳಿದ ಕಡೆ, ನರ್ಸಿನ ಬಾಗಿಲ ಪಕ್ಕ, ಫೈಬರಿನವನು ಉಳಿ ಇಟ್ಟ. ಗಾರೆ ಉದುರಿತು, ಪೈಪು ಕಾಣಲಿಲ್ಲ. ಐದು ಗಂಟೆ. ಐದೂಕಾಲು. ಮಗಳು ಬಾಗಿಲ ಸಂದಿಯಿಂದ ನನ್ನನ್ನೇ ನೋಡುತ್ತಿದ್ದಳು. ಸಿಮೆಂಟ್ ಕಲಸುವಾಗ ನೀರು ಹೊಯ್ದವಳು ಅವಳೇ.

“ಅಲ್ಲಲ್ಲ,” ಎಂದೆ. “ಇಲ್ಲಿ, ನಮ್ಮ ಚಪ್ಪಲಿ ಗೂಡಿನ ಹಿಂದೆ. ತುಂಬಿದ್ದು ನಾನೇ.”

“ಇಷ್ಟು ಹೊತ್ತು ಬಾಯಿಗೂ ಅದನ್ನೇ ತುಂಬ್ಕೊಂಡಿದ್ರಾ ಅಕ್ಕಾ?” ಎಂದ ಫೈಬರಿನವನು.

ಒಡೆದು ತಂತಿ ಎಳೆಯುವಾಗ ಆರಕ್ಕೆ ಇಪ್ಪತ್ತು ನಿಮಿಷ. ಇನ್ನು ಒಂದೇ ಮನೆಗೆ ಕೊಡುವಷ್ಟು ಹೊತ್ತು.

“ಮೊದಲು ಆ ನರ್ಸಮ್ಮನ ಮನೆಗೆ ಕೊಡಯ್ಯ,” ಎಂದರು ಕಾರ್ಯದರ್ಶಿ, ನನ್ನ ಮುಖ ನೋಡದೆ.

ನಾನು ನರ್ಸಿನ ಬಾಗಿಲ ಮುಂದೆ ಉದುರಿದ ಗಾರೆ ಗುಡಿಸಿದೆ.

ಬೆಳಿಗ್ಗೆ ಎಂಟೂವರೆಗೆ ಮಗಳನ್ನು ಕರೆದುಕೊಂಡು ಹೋಗಿ ಎದುರು ಬಾಗಿಲು ತಟ್ಟಿದೆ. “ಒಳಗೆ ಬಾಮ್ಮ,” ಎಂದು ನರ್ಸ್ ಅವಳಿಗೆ ಮಾತ್ರ ದಾರಿ ಬಿಟ್ಟಳು.

ಮಗಳು ಪರೀಕ್ಷೆ ಬರೆದಳು. ನಾನು ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.